ಹೊಸದುರ್ಗ ರೋಡ್‌ನಿಂದ ಹೊರಟ ಒಂದು ಪತ್ರ

ಈ ಸಂಚಿಕೆಯಲ್ಲಿ ರೈಲಿನ ವಿಷಯ. ವಂದೇ ಭಾರತ್ ಎಷ್ಟು ಸ್ಪೀಡು, ಟಿಕೆಟ್ ಯಾಕೆ ಸಿಗಲ್ಲ, ಇದೆಲ್ಲ ಬೇರೆಯವರು ಮಾತಾಡಿದ್ದಾರೆ. ನಾನು ಹೇಳೋಕೆ ಹೊರಟಿರೋದು ಒಂದು ಬೀಗದ ಕಥೆ. ನೂರಕ್ಕೂ ಹೆಚ್ಚು ವರ್ಷ ಹಳೆಯ ಬೀಗ, ಆದರೆ ಕಥೆ ಶುರುವಾಗೋದು ನಮ್ಮ ಚಿತ್ರದುರ್ಗ ಜಿಲ್ಲೆಯ ಕಡೆಯಿಂದ.

2023ರ ಫೆಬ್ರವರಿ 8. ಬೀರೂರು ಮತ್ತು ಚಿಕ್ಕಜಾಜೂರು ನಡುವೆ ಹೊಸದುರ್ಗ ರೋಡ್ ಅಂತ ಒಂದು ಸ್ಟೇಷನ್ ಇದೆ. ಹೆಸರಲ್ಲಿ 'ರೋಡ್' ಇದೆ ಅಂದರೇನೇ ಊರು ಅಲ್ಲಿಲ್ಲ, ಊರಿಗೆ ಹೋಗೋ ದಾರಿ ಇದೆ ಅಂತ ಅರ್ಥ. ಆ ದಿನ ಅಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೋಗಬೇಕಾದ ಹಳಿ ಒಂದು, ಹಳಿಯ ಪಾಯಿಂಟು ತಿರುಗಿದ್ದು ಇನ್ನೊಂದು ಕಡೆಗೆ. ಲೋಕೋ ಪೈಲಟ್ ಕಣ್ಣು ನೆಟ್ಟು ನೋಡ್ತಾ ಇದ್ದರು, ಪಾಯಿಂಟಿನ ಮುಂಚೆಯೇ ಗಾಡಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲವಾದ್ದರಿಂದ ಟಿವಿಯಲ್ಲಿ ಬರಲಿಲ್ಲ.

ಆದರೆ ಹುಬ್ಬಳ್ಳಿಯಲ್ಲಿ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯಲ್ಲಿ ಕೂತಿದ್ದ ಒಬ್ಬ ಹಿರಿಯ ಅಧಿಕಾರಿಗೆ ಅದು ಸಣ್ಣ ವಿಷಯ ಅನ್ನಿಸಲಿಲ್ಲ. ಗಾಡಿಗಳನ್ನು ಓಡಿಸೋ ವಿಭಾಗದ ಮುಖ್ಯಸ್ಥರು ಅವರು. ಮರುದಿನವೇ ಪತ್ರ ಬರೆದರು. ಸಾರಾಂಶ ಇಷ್ಟು: ವ್ಯವಸ್ಥೆಯಲ್ಲಿ ಗಂಭೀರ ದೋಷ ಇದೆ, ಸಿಗ್ನಲ್ ಕೊಟ್ಟು ಗಾಡಿ ಹೊರಟ ಮೇಲೆ ದಾರಿ ಬದಲಾಗುವಂಥ ಸ್ಥಿತಿ ಇದೆ, ಇದು ಇಂಟರ್‌ಲಾಕಿಂಗ್‌ನ ಮೂಲ ತತ್ವಕ್ಕೇ ವಿರುದ್ಧ, ಕೂಡಲೇ ಸರಿ ಮಾಡದಿದ್ದರೆ ಮತ್ತೆ ಆಗಬಹುದು, ದೊಡ್ಡ ಅಪಘಾತವೂ ಆಗಬಹುದು.

ನಾಲ್ಕು ತಿಂಗಳೂ ಕಳೆಯಲಿಲ್ಲ. ಜೂನ್ 2. ಒಡಿಶಾದ ಬಾಲಸೋರ್ ಹತ್ತಿರ ಬಾಹಾನಗಾ ಬಜಾರ್. ಆಮೇಲೆ ಆ ಪತ್ರ ಪತ್ರಿಕೆಗಳಲ್ಲಿ ಬಂತು.

ಬಾಲಸೋರ್‌ಗೆ ಬರ್ತೀನಿ. ಅದಕ್ಕೆ ಮುಂಚೆ ಒಂದು ಪ್ರಶ್ನೆ. ಆ ಪತ್ರದಲ್ಲಿ ಬಂದ ಪದ ಇದೆಯಲ್ಲ, 'ಇಂಟರ್‌ಲಾಕಿಂಗ್', ಅದನ್ನ ಯಾರು ಕಡ್ಡಾಯ ಮಾಡಿದ್ದು? ಯಾವಾಗ? ಯಾಕೆ?

ಇದಕ್ಕೆ 1889ಕ್ಕೆ ಹೋಗಬೇಕು. ಐರ್ಲೆಂಡಿನ ಅರ್ಮಾ ಅನ್ನೋ ಊರು. ಈಗ ಅದು ಉತ್ತರ ಐರ್ಲೆಂಡಿನಲ್ಲಿದೆ. ಜೂನ್ 12, ಬೆಳಗ್ಗೆ. ಅಲ್ಲಿನ ಮೆಥಡಿಸ್ಟ್ ಚರ್ಚಿನ ಭಾನುವಾರದ ಶಾಲೆಯ ಮಕ್ಕಳಿಗೆ ವಾರೆನ್‌ಪಾಯಿಂಟ್ ಅನ್ನೋ ಸಮುದ್ರ ತೀರಕ್ಕೆ ಪ್ರವಾಸ. ಮಕ್ಕಳು, ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಎಲ್ಲ ಸೇರಿ ಸುಮಾರು 940 ಜನ. ನಿರೀಕ್ಷೆಗಿಂತ ಹೆಚ್ಚು ಜನ ಬಂದಿದ್ದರಿಂದ ಬೋಗಿ ಸೇರಿಸಿದರು. ಒಟ್ಟು 15 ಆಯ್ತು. ಇಂಜಿನ್ ಡ್ರೈವರ್ 'ಇಷ್ಟು ಭಾರ ನನ್ನ ಇಂಜಿನ್ ಎಳೆಯಲ್ಲ' ಅಂತ ತಕರಾರು ತೆಗೆದ. ಸ್ಟೇಷನ್ನಿನವರ ಜೊತೆ ಮಾತಿಗೆ ಮಾತು ಬೆಳೀತು. ಕೊನೆಗೆ ಅದೇ ಇಂಜಿನ್ ಕಟ್ಟಿ ಹೊರಟರು.

ಅರ್ಮಾದಿಂದ ಹೊರಟ ಕೂಡಲೇ ಏರು. 75 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಕೇಳೋಕೆ ಕಮ್ಮಿ ಅನ್ನಿಸುತ್ತೆ, ರೈಲಿಗೆ ಅದು ಕಡಿದಾದ ಏರು. ತುದಿ ತಲುಪೋಕೆ ಇನ್ನು ಸ್ವಲ್ಪ ದೂರ ಇದೆ ಅನ್ನುವಾಗ ಇಂಜಿನ್ ಉಸಿರು ಬಿಟ್ಟು ನಿಂತುಬಿಡ್ತು.

ಈಗ ಏನು ಮಾಡೋದು? ಹಿಂದೆ ಮಾಮೂಲಿ ಪ್ಯಾಸೆಂಜರ್ ಗಾಡಿ ಬರೋದಿದೆ. ಅದರ ಇಂಜಿನ್ನಿನಿಂದ ಹಿಂದಿನಿಂದ ತಳ್ಳಿಸಬಹುದಿತ್ತು. ಕಾಯಲಿಲ್ಲ. ಗಾಡಿಯನ್ನ ಎರಡು ಮಾಡೋಣ ಅಂದರು: ಮುಂದಿನ ಐದು ಬೋಗಿ ಮೊದಲು ಮುಂದಿನ ಸ್ಟೇಷನ್ನಿಗೆ, ಆಮೇಲೆ ಬಂದು ಉಳಿದ ಹತ್ತು.

ಇಲ್ಲಿ ಬ್ರೇಕಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಇಡೀ ಕಥೆ ಅದರ ಮೇಲೇ ನಿಂತಿರೋದು. ಆ ಗಾಡಿಗೆ ಇದ್ದದ್ದು ಸಾದಾ ವ್ಯಾಕ್ಯೂಮ್ ಬ್ರೇಕು. ಇಂಜಿನ್ ಗಾಳಿ ಎಳೆದರೆ ಬ್ರೇಕ್ ಹಿಡಿಯುತ್ತೆ. ಕೊಳವೆ ಕಳಚಿದರೆ? ಬ್ರೇಕೇ ಇಲ್ಲ. ಇದೇ ಕಾಲಕ್ಕೆ ಇನ್ನೊಂದು ಥರದ ಬ್ರೇಕೂ ಮಾರ್ಕೆಟ್ಟಿನಲ್ಲಿತ್ತು, ಸ್ವಯಂಚಾಲಿತ ಬ್ರೇಕು. ಅದು ಉಲ್ಟಾ. ಕೊಳವೆಯಲ್ಲಿ ಎಲ್ಲ ಸರಿ ಇದ್ದರೆ ಮಾತ್ರ ಬ್ರೇಕ್ ಬಿಟ್ಟಿರುತ್ತೆ. ಕೊಳವೆ ಕಳಚಿದರೆ, ತೂತಾದರೆ, ತಾನಾಗೇ ಹಿಡಿದುಬಿಡುತ್ತೆ. ಕೆಟ್ಟರೆ ಓಡಬಾರದು, ನಿಲ್ಲಬೇಕು ಅನ್ನೋ ಯೋಚನೆ. ಆದರೆ ಕಾಸು ಜಾಸ್ತಿ. ಕಂಪನಿಗಳು ಮುಂದೆ ನೋಡೋಣ ಅಂದುಕೊಂಡಿದ್ದವು.

ಹಾಗಾಗಿ ಆ ಹತ್ತು ಬೋಗಿಗಳನ್ನ ಏರಿನಲ್ಲಿ ಹಿಡಿದಿಟ್ಟಿದ್ದು ಕೊನೆಯಲ್ಲಿದ್ದ ಬ್ರೇಕ್ ವ್ಯಾನಿನ ಕೈಬ್ರೇಕು, ಜೊತೆಗೆ ಚಕ್ರದ ಹಿಂದೆ ಇಟ್ಟ ಕಲ್ಲು. ನಮ್ಮಲ್ಲಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಕ್ಲೀನರ್ ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಡ್ತಾನಲ್ಲ, ಹಾಗೆ. ಮುಂದಿನ ಭಾಗ ಹೊರಡುವಾಗ ಇಂಜಿನ್ ಒಂಚೂರು ಹಿಂದಕ್ಕೆ ಸರೀತು. ಹಿಂದಿನ ಬೋಗಿಗಳಿಗೆ ಮೆಲ್ಲಗೆ ತಾಗಿತು. ಕಲ್ಲು ಪುಡಿಯಾಯ್ತು. ಹತ್ತು ಬೋಗಿ ಹಿಮ್ಮುಖವಾಗಿ ಇಳಿಯೋಕೆ ಶುರುವಾದವು.

ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿತ್ತು. ಟಿಕೆಟ್ ಇಲ್ಲದವರು ಹತ್ತಬಾರದು ಅಂತ.

ಒಂದೂವರೆ ಮೈಲಿಯಷ್ಟು ಇಳಿದು ಬಂದವು. ಕೆಳಗಿನಿಂದ ಆ ಮಾಮೂಲಿ ಗಾಡಿ ಹತ್ತಿ ಬರ್ತಾ ಇತ್ತು. ಅದನ್ನ ಅರ್ಮಾದಿಂದ ಬಿಟ್ಟಿದ್ದು ಹೇಗೆ ಅಂದರೆ, ಗಡಿಯಾರ ನೋಡಿ. ಮುಂದಿನ ಗಾಡಿ ಹೋಗಿ ಇಂತಿಷ್ಟು ನಿಮಿಷ ಆಯ್ತಾ, ಸರಿ, ಇದನ್ನ ಬಿಡಿ. ಮುಂದಿನದು ಮುಂದಿನ ಸ್ಟೇಷನ್ ತಲುಪಿದೆಯಾ ಅಂತ ಕೇಳೋ ಕ್ರಮವೇ ಆ ಲೈನಿನಲ್ಲಿ ಇರಲಿಲ್ಲ. ಸುಮಾರು 80 ಜನ ಸತ್ತರು, 260ರಷ್ಟು ಜನಕ್ಕೆ ಗಾಯ. ಸತ್ತವರಲ್ಲಿ ಮಕ್ಕಳು ಬಹಳ.

ನನಗೆ ಈ ಕಥೆಯಲ್ಲಿ ಎದೆಗೆ ನಾಟೋದು ಸಾವಿನ ಸಂಖ್ಯೆಗಿಂತ ಇನ್ನೊಂದು ವಿಷಯ. ಈ ಮೂರಕ್ಕೂ ಔಷಧಿ ಆಗಲೇ ಇತ್ತು. ಬ್ರಿಟನ್ನಿನಲ್ಲಿ 1840ರಿಂದಲೇ ಸರ್ಕಾರಿ ರೈಲ್ವೆ ಇನ್ಸ್‌ಪೆಕ್ಟರುಗಳು ಇದ್ದರು, ಹೆಚ್ಚಿನವರು ಸೈನ್ಯದ ಇಂಜಿನಿಯರುಗಳು. ಪ್ರತಿ ಅಪಘಾತಕ್ಕೂ ಹೋಗ್ತಿದ್ದರು, ವರದಿ ಬರೀತಿದ್ದರು, ಹೀಗೆ ಮಾಡಿ ಅಂತ ಹೇಳ್ತಿದ್ದರು. ಹೇಳಬಹುದಿತ್ತು ಅಷ್ಟೇ, ಮಾಡಿಸೋ ಅಧಿಕಾರ ಇರಲಿಲ್ಲ. ಕಂಪನಿಗಳು ಎರಡು ಉತ್ತರ ಕೊಡ್ತಿದ್ದವು. ಒಂದು, ಖರ್ಚು. ಇನ್ನೊಂದು ಇನ್ನೂ ಮಜಾ: ಯಂತ್ರವೇ ಎಲ್ಲ ನೋಡಿಕೊಂಡರೆ ನೌಕರರು ಮೈಮರೀತಾರೆ, ಅದಕ್ಕೇ ಬೇಡ! ಶೇರುದಾರರ ಡಿವಿಡೆಂಡ್ ಕಮ್ಮಿಯಾಗುತ್ತೆ ಅನ್ನೋದನ್ನ ಎಷ್ಟು ಚೆಂದವಾಗಿ ಹೇಳಬಹುದು ನೋಡಿ.

ಅರ್ಮಾ ಆದ ಮೇಲೆ ಆ ಮಾತು ನಡೆಯಲಿಲ್ಲ. ಸತ್ತಿದ್ದು ಪಿಕ್ನಿಕ್ಕಿಗೆ ಹೊರಟ ಮಕ್ಕಳು. ಜೂನ್‌ನಲ್ಲಿ ಅಪಘಾತ, ಆಗಸ್ಟ್ ಮುಗಿಯೋದ್ರೊಳಗೆ ಲಂಡನ್ನಿನ ಪಾರ್ಲಿಮೆಂಟ್ ಕಾನೂನು ಪಾಸು ಮಾಡಿತು. 1889ರ ರೈಲ್ವೆ ನಿಯಂತ್ರಣ ಕಾಯ್ದೆ. ಪ್ರಯಾಣಿಕರ ಲೈನುಗಳಿಗೆ ಮೂರು ವಿಷಯ ಕಡ್ಡಾಯ: ಬ್ಲಾಕ್, ಲಾಕ್, ಬ್ರೇಕ್. ಬ್ಲಾಕ್ ಅಂದ್ರೆ ಎರಡು ಸ್ಟೇಷನ್ ನಡುವಿನ ತುಂಡಿನಲ್ಲಿ ಒಂದು ಸಲಕ್ಕೆ ಒಂದೇ ಗಾಡಿ, ಗಡಿಯಾರದ ಲೆಕ್ಕ ಬಂದ್. ಬ್ರೇಕ್ ಅಂದ್ರೆ ಆಗ ಹೇಳಿದ ಸ್ವಯಂಚಾಲಿತ ಬ್ರೇಕ್. ಲಾಕ್ ಅಂದ್ರೆ ನಮ್ಮ ಹೊಸದುರ್ಗ ರೋಡ್‌ನ ಇಂಟರ್‌ಲಾಕಿಂಗ್.

ಆ ಲಾಕು ಅಂದ್ರೇನು? ಸ್ಟೇಷನ್ನಿಗೆ ಬರೋ ಗಾಡಿಗೆ ಎರಡು ವಿಷಯ ಬೇಕು. ಪಾಯಿಂಟು, ಅಂದ್ರೆ ಮೈನ್ ಲೈನಿಗೋ ಲೂಪ್ ಲೈನಿಗೋ ಅಂತ ದಾರಿ ತಿರುಗಿಸೋ ಹಳಿ. ಮತ್ತೆ ಸಿಗ್ನಲ್. ಮೊದಲೆಲ್ಲ ಎರಡಕ್ಕೂ ಬೇರೆ ಬೇರೆ ಲಿವರು. ಲೂಪಿಗೆ ಪಾಯಿಂಟು ತಿರುಗಿಸಿ, ಮರೆತು ಮೈನ್ ಲೈನಿಗೆ ಸಿಗ್ನಲ್ ಕೊಟ್ಟರೆ ಕೇಳೋರಿಲ್ಲ. 1856ರಲ್ಲಿ ಜಾನ್ ಸ್ಯಾಕ್ಸ್‌ಬಿ ಅನ್ನೋ ಇಂಗ್ಲಿಷ್ ಕುಶಲಕರ್ಮಿ ಎರಡನ್ನೂ ಒಂದಕ್ಕೊಂದು ಹೆಣೆಯೋ ಏರ್ಪಾಡಿಗೆ ಪೇಟೆಂಟ್ ತಗೊಂಡ. ಹಳಿ ಸರಿಯಾಗಿ ಕೂರದೆ ಸಿಗ್ನಲ್ ಇಳಿಯಲ್ಲ. ಸಿಗ್ನಲ್ ಇಳಿದ ಮೇಲೆ ಹಳಿ ಅಲ್ಲಾಡಲ್ಲ. ಆಗ ಕಬ್ಬಿಣದ ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಳ್ತಿದ್ದವು, ಆಮೇಲೆ ರಿಲೇ ಬಂತು, ಈಗ ಕಂಪ್ಯೂಟರ್. ತತ್ವ ಮಾತ್ರ ಅದೇ. ಬ್ಯಾಂಕ್ ಲಾಕರ್ ಇದೆಯಲ್ಲ, ಮ್ಯಾನೇಜರ್ ಕೀಲಿ, ನಿಮ್ಮ ಕೀಲಿ ಎರಡೂ ಸೇರದೆ ತೆರೆಯಲ್ಲ. ಸ್ಟೇಷನ್ ಮಾಸ್ಟರ್ ತಪ್ಪು ಮಾಡಬೇಕು ಅಂದ್ರೂ ಮಾಡೋಕಾಗಬಾರದು, ಅದಕ್ಕೇ ಈ ಏರ್ಪಾಡು.

ಈಗ ಭಾರತಕ್ಕೆ ಬರೋಣ. ನಾನು ಓದಿದ್ದು ಬಿ.ಕಾಂ. ನನಗೆ ಹಳಿಗಿಂತ ಹೆಚ್ಚು ಅರ್ಥವಾಗೋದು ಆಡಿಟ್ಟು. ಆಡಿಟ್ಟಿನ ಮೊದಲ ಪಾಠ, ಲೆಕ್ಕ ಬರೆಯುವವನೇ ಲೆಕ್ಕ ತನಿಖೆ ಮಾಡಬಾರದು. ನಮ್ಮಲ್ಲಿ ರೈಲ್ವೆ ಇನ್ಸ್‌ಪೆಕ್ಟರುಗಳು ಬಹಳ ವರ್ಷ ರೈಲ್ವೆ ಬೋರ್ಡಿನ ಕೈಕೆಳಗೇ ಇದ್ದರು. ಗಾಡಿ ಓಡಿಸುವವರೂ ಅವರೇ, ತಪ್ಪು ಹುಡುಕುವವರೂ ಅವರೇ.

ಅದು ಬದಲಾಗಿದ್ದಕ್ಕೆ ಕಾರಣ 1937ರ ಬಿಹ್ಟಾ. ಪಟ್ನಾ ಹತ್ತಿರದ ಊರು. ಜುಲೈ 17ರಂದು ಎಕ್ಸ್‌ಪ್ರೆಸ್ ಗಾಡಿ ಹಳಿ ತಪ್ಪಿ ನೂರಕ್ಕೂ ಹೆಚ್ಚು ಜನ ಸತ್ತರು. ಬ್ರಿಟನ್ನಿನಿಂದ ತರಿಸಿದ್ದ 'ಪೆಸಿಫಿಕ್' ಮಾದರಿಯ ಇಂಜಿನ್‌ಗಳು ವೇಗದಲ್ಲಿ ಅತ್ತಿತ್ತ ಓಲಾಡ್ತಿದ್ದವು, ಹಳಿಯನ್ನೇ ಸೊಟ್ಟ ಮಾಡ್ತಿದ್ದವು. ಇದರ ಬಗ್ಗೆ ವರ್ಷಗಳಿಂದ ದೂರು ಇತ್ತು. ಒಂದು ಸಮಿತಿ ಕೂತಿತು. ಅದರ ಮುಖ್ಯಸ್ಥ ಅಲನ್ ಮೌಂಟ್, ಬ್ರಿಟನ್ನಿನ ಮುಖ್ಯ ರೈಲ್ವೆ ಇನ್ಸ್‌ಪೆಕ್ಟರು, ಅಂದರೆ ಅರ್ಮಾ ತನಿಖೆ ಮಾಡಿದ ಅದೇ ಇಲಾಖೆಯ ಮನುಷ್ಯ. ಇಂಜಿನ್ ವಿಷಯ ಹೇಳುವುದರ ಜೊತೆಗೆ, ಇನ್ಸ್‌ಪೆಕ್ಟರುಗಳು ರೈಲ್ವೆ ಬೋರ್ಡಿನಿಂದ ಬೇರೆ ಆಗಬೇಕು ಅನ್ನೋ ವಾದಕ್ಕೂ ಆ ಸಮಿತಿಯ ವರದಿಯಿಂದ ಬಲ ಬಂತು. 1941ರಲ್ಲಿ ಬೇರೆ ಮಾಡಿದರು. ಯಾರ ಕೈಗೆ ಕೊಟ್ಟರು ಗೊತ್ತಾ? ಅಂಚೆ ಮತ್ತು ವಿಮಾನ ಇಲಾಖೆಗೆ. ಅದಕ್ಕೇ ಇವತ್ತಿಗೂ ನಮ್ಮ ರೈಲ್ವೆ ಸುರಕ್ಷತಾ ಆಯೋಗ ಇರೋದು ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ. ಹಳಿಯನ್ನ ವಿಮಾನದ ಇಲಾಖೆ ಯಾಕೆ ನೋಡುತ್ತೆ ಅಂತ ಕ್ವಿಜ್‌ನಲ್ಲಿ ಕೇಳಿದರೆ, ಉತ್ತರ ಬಿಹ್ಟಾದಲ್ಲಿದೆ.

ಆದರೆ ಒಂದು ಕೊರತೆ ಹಾಗೇ ಉಳೀತು. ಆಯೋಗ ಶಿಫಾರಸು ಮಾಡುತ್ತೆ. ಒಪ್ಪೋದು, ಬಿಡೋದು ರೈಲ್ವೆ ಕೈಲಿ. 2012ರಲ್ಲಿ ವಿಜ್ಞಾನಿ ಅನಿಲ್ ಕಾಕೋಡ್ಕರ್ ಅವರ ಸಮಿತಿ, ಕಾನೂನಿನ ಬಲ ಇರೋ ಸ್ವತಂತ್ರ ಸುರಕ್ಷತಾ ಪ್ರಾಧಿಕಾರ ಬೇಕು ಅಂತ ಹೇಳಿತು. ಈ ಸಾಲು ಓದುವಾಗ ನನಗೆ ಅರ್ಮಾಕ್ಕೆ ಮುಂಚಿನ ಇಂಗ್ಲಿಷ್ ಇನ್ಸ್‌ಪೆಕ್ಟರುಗಳ ನೆನಪಾಯ್ತು.

ರೈಲು ಅಪಘಾತ ಅಂದರೆ ನಮ್ಮಲ್ಲಿ ಎಲ್ಲರೂ ಹೇಳೋದು ಲಾಲ್ ಬಹದ್ದೂರ್ ಶಾಸ್ತ್ರಿ ಅವರ ರಾಜೀನಾಮೆ. 1956ರಲ್ಲಿ ಮೊದಲು ಮೆಹಬೂಬ್‌ನಗರ, ಆಗಲೇ ರಾಜೀನಾಮೆ ಕೊಡೋಕೆ ಹೋದರು, ನೆಹರೂ ಒಪ್ಪಲಿಲ್ಲ. ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರು. ಆಗ ಒಪ್ಪಿದರು. ದೊಡ್ಡ ಮನುಷ್ಯ, ಅನುಮಾನ ಇಲ್ಲ. ಆದರೆ ಎರಡೂ ಕಡೆ ಆಗಿದ್ದೇನು ಅಂತ ಕೇಳಿದರೆ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಎರಡೂ ಕಡೆ ಮಳೆ ನೀರಿಗೆ ಸೇತುವೆ ಹೋಗಿತ್ತು. ಸಚಿವರು ಹೋಗಬೇಕೋ ಬೇಡವೋ ಅನ್ನೋ ಚರ್ಚೆ ಪ್ರತಿ ಅಪಘಾತ ಆದಾಗಲೂ ನಡೆಯುತ್ತೆ, ಸೇತುವೆ ಕೆಳಗಿನ ನೀರಿನ ಮಟ್ಟದ ಚರ್ಚೆ ನಡೆಯಲ್ಲ. ಅದು ನನಗೆ ಸರಿ ಕಾಣಲ್ಲ.

ಇನ್ನು ದುಡ್ಡು. ಇಲ್ಲಿ ಸ್ವಲ್ಪ ನನ್ನ ಸಬ್ಜೆಕ್ಟು, ಸಹಿಸಿಕೊಳ್ಳಿ. ಹಳಿ, ಸಿಗ್ನಲ್ಲು, ಸೇತುವೆ ಸವೆಯೋ ಆಸ್ತಿ. ಪ್ರತಿ ವರ್ಷ ಸವಕಳಿ ಅಂತ ಒಂದಷ್ಟು ತೆಗೆದಿಡಬೇಕು, ಆಯುಸ್ಸು ಮುಗಿದಾಗ ಹೊಸದು ಹಾಕೋಕೆ. ಕಿರಾಣಿ ಅಂಗಡಿಯವರೂ ಫ್ರಿಜ್ಜಿಗೆ ಹೀಗೆ ಲೆಕ್ಕ ಹಾಕ್ತಾರೆ. ರೈಲ್ವೆಗೂ ಸವಕಳಿ ಮೀಸಲು ನಿಧಿ ಇದೆ. ಅದಕ್ಕೆ 2019-20ರಲ್ಲಿ ತೆಗೆದಿಟ್ಟಿದ್ದು 400 ಕೋಟಿ ರೂಪಾಯಿ. ಇಡೀ ದೇಶದ ರೈಲ್ವೆಗೆ! ಲಾಭ ನಷ್ಟದ ಪಟ್ಟಿಯಲ್ಲಿ ಸವಕಳಿ ಕಮ್ಮಿ ತೋರಿಸಿದರೆ ಉಳಿಕೆ ಚೆನ್ನಾಗಿ ಕಾಣುತ್ತೆ, ಇದು ಮೊದಲ ವರ್ಷದ ಬಿ.ಕಾಂ. ಹುಡುಗರಿಗೂ ಗೊತ್ತು. ಹಳಿ ಮಾತ್ರ ಲೆಕ್ಕದ ಪುಸ್ತಕ ನೋಡಿ ಸವೆಯಲ್ಲ.

ಈ ಥರ ಬಾಕಿ ಬಿದ್ದಾಗಲೆಲ್ಲ ಒಂದು ವಿಶೇಷ ನಿಧಿ ಹುಟ್ಟುತ್ತೆ. 2001ರಲ್ಲಿ 17,000 ಕೋಟಿಯದ್ದು ಬಂತು, ಅದಕ್ಕೆ ಟಿಕೆಟ್ ಮೇಲೆ ಸುರಕ್ಷತಾ ಸರ್‌ಚಾರ್ಜ್ ಹಾಕಿದರು. ನ್ಯಾಯವಾಗಿ ಹೇಳಬೇಕು, ಆ ದುಡ್ಡು ಕೆಲಸ ಮಾಡಿತು, ಹಳೆಯ ಹಳಿಗಳು ಹೋಗಿ ಹೊಸದು ಬಂದವು. 2017-18ರಲ್ಲಿ ಐದು ವರ್ಷಕ್ಕೆ ಒಂದು ಲಕ್ಷ ಕೋಟಿಯ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ. ಇದರಲ್ಲಿ ರೈಲ್ವೆ ತನ್ನ ಸಂಪಾದನೆಯಿಂದ ವರ್ಷಕ್ಕೆ 5,000 ಕೋಟಿ ಹಾಕಬೇಕಿತ್ತು. ಹಳಿ ತಪ್ಪುವಿಕೆ ಬಗ್ಗೆ ಸಿಎಜಿ 2022ರಲ್ಲಿ ಕೊಟ್ಟ ವರದಿ ನೋಡಿ: ನಾಲ್ಕು ವರ್ಷಕ್ಕೆ 20,000 ಕೋಟಿ ಹಾಕಬೇಕಾದ ಕಡೆ 15,775 ಕೋಟಿ ಕೊರತೆ. ನೂರಕ್ಕೆ ಸುಮಾರು 79 ರೂಪಾಯಿ ಬರಲೇ ಇಲ್ಲ.

ಇದನ್ನ ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು, ಇಲ್ಲದಿದ್ದರೆ ತಪ್ಪಾಗುತ್ತೆ. ರೈಲು ಮೊದಲಿಗಿಂತ ಈಗ ತುಂಬ ಸುರಕ್ಷಿತ. ರೈಲ್ವೆಯ ಲೆಕ್ಕದಲ್ಲಿ 2000-01ರಲ್ಲಿ ದೊಡ್ಡ ಅಪಘಾತಗಳು 473. 2023-24ರಲ್ಲಿ 40. ಕಾವಲುಗಾರರಿಲ್ಲದ ಗೇಟುಗಳನ್ನ ಬ್ರಾಡ್‌ಗೇಜ್‌ನಲ್ಲಿ ಮುಚ್ಚಿದ್ದು ಒಂದರಿಂದಲೇ ಎಷ್ಟೋ ಜೀವ ಉಳಿದಿವೆ. ನಾನು ಈಗಲೂ ಊರಿಗೆ ರಾತ್ರಿ ಗಾಡಿಯಲ್ಲೇ ಹೋಗೋದು, ಬಸ್ಸಿಗಿಂತ ಅದೇ ವಾಸಿ.

'ಕವಚ್' ಬಂದ ಮೇಲೆ ಎಲ್ಲ ಸರಿಯಾಗುತ್ತೆ ಅಂತ ಹೇಳುವವರು ಇದ್ದಾರೆ. ಅದು ಏನು ಮಾಡುತ್ತೆ ಅನ್ನೋದಕ್ಕೆ ನಮ್ಮ ಹಂಪಿ ಎಕ್ಸ್‌ಪ್ರೆಸ್ ನೆನಪು ಮಾಡಿಕೊಳ್ಳಿ. 2012ರ ಮೇ 22, ಬೆಳಗಿನ ಜಾವ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರ್ತಿದ್ದ ಗಾಡಿ ಪೆನುಕೊಂಡದಲ್ಲಿ ಕೆಂಪು ಸಿಗ್ನಲ್ ದಾಟಿ, ನಿಂತಿದ್ದ ಗೂಡ್ಸಿಗೆ ಗುದ್ದಿತು. ಮಲಗಿದ್ದ 25 ಜನ ಹೋದರು. ಇಂಥದ್ದನ್ನ ತಡೆಯೋಕೇ ಕವಚ್. ಡ್ರೈವರ್ ಕೆಂಪು ದಾಟೋಕೆ ಹೋದರೆ ತಾನೇ ಬ್ರೇಕ್ ಹಾಕುತ್ತೆ. ಅದನ್ನ ಮೊದಲು ಪ್ರಯೋಗ ಮಾಡಿದ ಲೈನುಗಳಲ್ಲಿ ನಮ್ಮ ವಾಡಿ, ಬೀದರ್ ಕಡೆಯವೂ ಇದ್ದವು. ಆದರೆ ಅದು ಸಿಗ್ನಲ್ಲನ್ನ ನಂಬುತ್ತೆ. ಸಿಗ್ನಲ್ಲೇ ಸುಳ್ಳು ಹೇಳಿದರೆ?

ಬಾಹಾನಗಾ ಬಜಾರ್‌ನಲ್ಲಿ ಆಗಿದ್ದು ಅದು. ಸಂಜೆ ಏಳರ ಸುಮಾರು. ಚೆನ್ನೈಗೆ ಹೊರಟ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೈನ್ ಲೈನಿನ ಹಸಿರು. ಪಾಯಿಂಟು ಮಾತ್ರ ಲೂಪಿಗೆ. ಲೂಪಿನಲ್ಲಿ ಕಬ್ಬಿಣದ ಅದಿರು ತುಂಬಿದ ಗೂಡ್ಸ್ ನಿಂತಿತ್ತು. ಗಂಟೆಗೆ 128 ಕಿಲೋಮೀಟರ್ ವೇಗ. ಅದೇ ಹೊತ್ತಿಗೆ ಪಕ್ಕದ ಹಳಿಯಲ್ಲಿ ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿ ದಾಟ್ತಾ ಇತ್ತು. ಹಾರಿಬಿದ್ದ ಬೋಗಿಗಳು ಅದರ ಕೊನೆಯ ಬೋಗಿಗಳಿಗೆ ಬಡಿದವು. ಸತ್ತವರು 290ಕ್ಕೂ ಹೆಚ್ಚು.

ಇಂಟರ್‌ಲಾಕಿಂಗ್ ಇರುವಾಗ ಇದು ಹೇಗೆ ಸಾಧ್ಯ? ಸುರಕ್ಷತಾ ಆಯುಕ್ತರ ತನಿಖೆ ಹೇಳಿದ್ದು ಹೀಗೆ. ಸ್ಟೇಷನ್ ಹತ್ತಿರದ ಒಂದು ಲೆವೆಲ್ ಕ್ರಾಸಿಂಗ್ ಗೇಟಿನ ಹತ್ತಿರ ಸಿಗ್ನಲ್ ಗುಮಟಿ, ವೈರುಗಳಿರೋ ಸಣ್ಣ ಕೋಣೆ. ಅಲ್ಲಿ ವರ್ಷಗಳ ಹಿಂದೆ ಸರ್ಕ್ಯೂಟ್ ಬದಲಾಯಿಸಿದ್ದರು, ವೈರುಗಳ ಮೇಲಿನ ಲೇಬಲ್ ಸರಿ ಇರಲಿಲ್ಲ. ಅಪಘಾತದ ದಿನ ಗೇಟಿನ ವಿದ್ಯುತ್ ತಡೆಗಂಬ ಬದಲಾಯಿಸೋ ಕೆಲಸ ನಡೀತು. ಆಗ ವೈರು ತಪ್ಪಾಗಿ ಜೋಡಣೆ ಆಯ್ತು. ಪಾಯಿಂಟು ಲೂಪಿಗೆ ಇದ್ದರೂ ವ್ಯವಸ್ಥೆಗೆ 'ಮೈನ್ ಲೈನಿಗೆ ಇದೆ' ಅಂತ ಸುದ್ದಿ ಹೋಯ್ತು. ವ್ಯವಸ್ಥೆ ನಂಬಿತು, ಹಸಿರು ಕೊಟ್ಟಿತು. ಬೀಗ ಮುರಿದಿರಲಿಲ್ಲ, ಬೀಗಕ್ಕೆ ಸುಳ್ಳು ಹೇಳಲಾಗಿತ್ತು. ಯಾರೋ ಬೇಕು ಅಂತ ಹೇಳಿದ ಸುಳ್ಳಲ್ಲ, ಅರ್ಜೆಂಟಿನಲ್ಲಿ ಕೆಲಸ ಮುಗಿಸೋ ಕೈಗಳು ಹೇಳಿದ್ದು.

ಹೊಸದುರ್ಗ ರೋಡ್‌ನಲ್ಲಿ ಆದದ್ದೂ ಇದೂ ತಾಂತ್ರಿಕವಾಗಿ ಒಂದೇ ಅಲ್ಲ, ಅದನ್ನ ಸ್ಪಷ್ಟವಾಗಿ ಹೇಳಿಬಿಡ್ತೀನಿ. ಆದರೆ ಬೀಗದ ಹಿಂಬಾಗಿಲು ತೆರೆದಿದೆ ಅಂತ ಫೆಬ್ರವರಿಯಲ್ಲೇ ಒಬ್ಬರು ಬರೆದಿದ್ದರು. ಇನ್ನೊಂದಂತೂ ಆಯುಕ್ತರ ವರದಿಯಲ್ಲೇ ಇದೆ. 2022ರ ಮೇ 16ರಂದು, ಅದೇ ಆಗ್ನೇಯ ರೈಲ್ವೆಯ, ಅದೇ ಖರಗ್‌ಪುರ ವಿಭಾಗದ ಬಾಂಕಡಾ ನಯಾಬಾಜ್ ಸ್ಟೇಷನ್ನಿನಲ್ಲಿ, ತಪ್ಪು ವೈರಿಂಗ್‌ನಿಂದ ಇಂಥದ್ದೇ ಒಂದು ಘಟನೆ ಆಗಿತ್ತು. ಅದಾದ ಮೇಲೆ ಸರಿಪಡಿಸೋ ಕ್ರಮ ತಗೊಂಡಿದ್ದರೆ ಬಾಹಾನಗಾ ಬಜಾರ್ ಆಗ್ತಿರಲಿಲ್ಲ ಅಂತ ವರದಿ ನೇರವಾಗಿ ಹೇಳುತ್ತೆ.

ಅಪಘಾತದ ಬೆನ್ನಿಗೇ ರೈಲ್ವೆ ಮಂಡಳಿ ಎಲ್ಲ ವಲಯಗಳಿಗೆ ಆದೇಶ ಕಳಿಸಿತು. ಸಿಗ್ನಲ್ ಕೋಣೆಗಳಿಗೆ, ಗೇಟಿನ ಗುಮಟಿಗಳಿಗೆ ಎರಡೆರಡು ಬೀಗ ಇದೆಯಾ ಅಂತ ಪರಿಶೀಲಿಸಿ. ರಿಲೇ ಕೋಣೆಯ ಒಂದು ಕೀಲಿ ಸ್ಟೇಷನ್ ಮಾಸ್ಟರ್ ಹತ್ತಿರ, ಇನ್ನೊಂದು ಸಿಗ್ನಲ್ ವಿಭಾಗದವರ ಹತ್ತಿರ. ಕೆಲಸಕ್ಕೆ ಮುಂಚೆ ಬರವಣಿಗೆಯಲ್ಲಿ ಅನುಮತಿ, ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿ ಮತ್ತೆ ಬರವಣಿಗೆ. ಎರಡು ಬೀಗದ ನಿಯಮವೂ ಹೊಸದಲ್ಲ, ಬರವಣಿಗೆಯ ನಿಯಮವೂ ಹೊಸದಲ್ಲ. ಎರಡೂ ಮೊದಲಿನಿಂದ ಪುಸ್ತಕದಲ್ಲಿದ್ದವು.

ಈ ಸಂಚಿಕೆ ಇಲ್ಲಿಗೆ. ಸಿಗ್ನಲ್ ವಿಭಾಗದಲ್ಲೋ, ಸ್ಟೇಷನ್ನಿನಲ್ಲೋ ಕೆಲಸ ಮಾಡುವವರು ಯಾರಾದರೂ ಕೇಳ್ತಾ ಇದ್ದರೆ, ಆ ಅನುಮತಿ ಪತ್ರಕ್ಕೆ ನಿಮಗೆ ನಿಜವಾಗಿ ಎಷ್ಟು ಸಮಯ ಸಿಗುತ್ತೆ ಅಂತ ಬರೆದು ಕಳಿಸಿ. ಹೆಸರು ಹಾಕಲ್ಲ.